ಎಡಗೈ, ಪೈಕ್ ಮೀನು ಮತ್ತು ಒಂದು ಮಸ್ಕಿ ರಾಡ್

2020ರಲ್ಲಿ ನಾನು ಐರ್ಲೆಂಡಿನ ಆಗ್ನೇಯ ಭಾಗದ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ ಸೀನಿಯರ್ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಈ ಹುದ್ದೆಯ ಹೆಸರು ಕೇಳಿದವರು ಸಾಮಾನ್ಯವಾಗಿ ‘ಅಂದರೆ ಫಿಸಿಯೋನಾ?’ ಎನ್ನುತ್ತಾರೆ. ಅಲ್ಲ. ಫಿಸಿಯೋಥೆರಪಿಸ್ಟ್ ಸ್ನಾಯುವಿಗೆ ಬಲ ತುಂಬುತ್ತಾರೆ. ನಾವು ಆ ಬಲ ಎಷ್ಟೇ ಇರಲಿ, ಅಷ್ಟರಲ್ಲೇ ಮನುಷ್ಯ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳುವಂತೆ, ಚಹಾ ಮಾಡಿಕೊಳ್ಳುವಂತೆ, ಸಾಧ್ಯವಾದರೆ ಕೆಲಸಕ್ಕೆ ಮರಳುವಂತೆ ದಾರಿ ಹುಡುಕುತ್ತೇವೆ. ನನ್ನ ವಿಶೇಷ ಕ್ಷೇತ್ರ ಕೈ ಮತ್ತು ಭುಜ. ಆ ವೇಳೆಗೆ ನನಗೆ ಸರ್ವಿಸ್ ಮುಕ್ಕಾಲು ಪಾಲು ಮುಗಿದಿತ್ತು. ಕಾಣಬೇಕಾದ್ದನ್ನೆಲ್ಲ ಕಂಡಾಗಿದೆ ಎಂಬ ಭಾವನೆಯೂ ಇತ್ತು.

ಡಾ. ಮಹದೇವಸ್ವಾಮಿಯವರ ಹೆಸರನ್ನು ಇಲ್ಲಿ ಬದಲಿಸಿದ್ದೇನೆ. ಕಥೆಯನ್ನು ಬರೆಯಲು ಅವರ ಒಪ್ಪಿಗೆ ಇದೆ. ನಂಜನಗೂಡಿನವರು, ಮೈಸೂರಿನಲ್ಲಿ ಓದಿದವರು, ನಮ್ಮ ಆಸ್ಪತ್ರೆಯ ಅರಿವಳಿಕೆ ತಜ್ಞರು. ಐರಿಷ್ ನರ್ಸುಗಳ ಬಾಯಲ್ಲಿ ಬರೀ ‘ಸ್ವಾಮಿ’. ಅವರ ಹವ್ಯಾಸದ ಬಗ್ಗೆ ಇಡೀ ಆಸ್ಪತ್ರೆಗೆ ಗೊತ್ತಿತ್ತು. ಮೊಟ್ಟೆಯನ್ನೂ ಮುಟ್ಟದ ಈ ಲಿಂಗಾಯತರು ವಾರಾಂತ್ಯವಿಡೀ ಕೆರೆ ದಂಡೆಯಲ್ಲಿ ನಿಂತು ಪೈಕ್ ಹಿಡಿಯುತ್ತಿದ್ದರು. ಪೈಕ್ ಎಂದರೆ ಇಲ್ಲಿನ ಸಿಹಿನೀರಿನ ಬೇಟೆಗಾರ ಮೀನು. ಉದ್ದ ಮೂತಿ, ಬಾಯ್ತುಂಬ ಸೂಜಿಯಂಥ ಹಲ್ಲು, ದೊಡ್ಡದಾದರೆ ತೋಳಿನಷ್ಟು ಉದ್ದ. ಹಿಡಿದ ಮೀನಿನ ಬಾಯಿಂದ ಗಾಳ ಬಿಡಿಸಿ, ಅದು ಚೇತರಿಸಿಕೊಳ್ಳುವವರೆಗೆ ನೀರಿನಲ್ಲೇ ಹಿಡಿದುಕೊಂಡಿದ್ದು ಬಿಟ್ಟುಬಿಡುತ್ತಿದ್ದರು. ‘ತಿನ್ನಲ್ಲ, ಮಾರಲ್ಲ, ಮತ್ಯಾಕ್ರೀ ಈ ಒದ್ದಾಟ?’ ಎಂದು ಅವರ ಹೆಂಡತಿ ಪುಷ್ಪಾ ನಮ್ಮೆದುರೇ ರೇಗಿಸುತ್ತಿದ್ದರು.

ಮೊದಲ ಅಲೆಯ ಆರಂಭದಲ್ಲೇ ಸ್ವಾಮಿಯವರಿಗೆ ಕೋವಿಡ್ ತಗುಲಿತು. ಅರಿವಳಿಕೆ ತಜ್ಞರೆಂದರೆ ಉಸಿರಾಡಲಾಗದ ರೋಗಿಯ ಗಂಟಲಿಗೆ ಟ್ಯೂಬ್ ಹಾಕುವವರು. ರೋಗಿಯ ಬಾಯಿಗೆ ಅತಿ ಹತ್ತಿರ ಹೋಗಬೇಕಾದವರು. ಯಾರಿಂದ ಬಂತೋ, ಎಲ್ಲಿಂದ ಬಂತೋ, ಹೇಳಲಾಗದು. ಕೆಲವೇ ದಿನಗಳಲ್ಲಿ ಅವರಿಗೇ ಟ್ಯೂಬ್ ಹಾಕಬೇಕಾಯಿತು. ಹಾಕಿದವರು ಅವರು ತರಬೇತಿ ಕೊಟ್ಟಿದ್ದ ಕಿರಿಯ ವೈದ್ಯೆ. ಹಾಕಿ ಮುಗಿಸಿ ಹೊರಗೆ ಬಂದು ಆಕೆ ಗೋಡೆಗೆ ಒರಗಿ ಅತ್ತದ್ದನ್ನು ನಾನು ನೋಡಿದ್ದೇನೆ.

ವೆಂಟಿಲೇಟರ್ ಮೇಲಿರುವಾಗ ಅವರನ್ನು ದಿನದ ಬಹುಭಾಗ ಬೋರಲು ಮಲಗಿಸಿದ್ದರು. ಇದಕ್ಕೆ ಪ್ರೋನಿಂಗ್ ಎನ್ನುತ್ತಾರೆ. ಬೆನ್ನಿನ ಕಡೆಯ ಶ್ವಾಸಕೋಶ ತೆರೆದುಕೊಂಡು ಆಮ್ಲಜನಕ ಸೇರಲಿ ಎಂದು ಮಾಡುವುದು. ಎಷ್ಟೋ ಜೀವಗಳನ್ನು ಇದು ಉಳಿಸಿತು. ಆದರೆ ಎಷ್ಟೇ ಎಚ್ಚರ ವಹಿಸಿದರೂ ಕೆಲವರಲ್ಲಿ ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಗೊಂಚಲು ಎಳೆದಂತಾಗಿ ಪೆಟ್ಟಾಗುತ್ತದೆ. ಆ ಗೊಂಚಲಿಗೆ ಬ್ರೇಕಿಯಲ್ ಪ್ಲೆಕ್ಸಸ್ ಎಂದು ಹೆಸರು. ಸ್ವಾಮಿಯವರು ಬದುಕಿ ಎದ್ದರು. ಎಡಗೈ ಏಳಲಿಲ್ಲ.

ಜುಲೈನಲ್ಲಿ ಅವರು ನನ್ನ ಕ್ಲಿನಿಕ್‌ಗೆ ಬಂದಾಗ ಅಂಗಿ ಹೆಗಲಿನಿಂದ ಜೋತುಬಿದ್ದಿತ್ತು. ಸ್ನಾಯುಬಲವನ್ನು ನಾವು ಸೊನ್ನೆಯಿಂದ ಐದರವರೆಗೆ ಅಳೆಯುತ್ತೇವೆ. ಸೊನ್ನೆ ಎಂದರೆ ಮಿಸುಕಾಟವೂ ಇಲ್ಲ. ಮೂರು ಎಂದರೆ ತನ್ನ ಭಾರ ತಾನು ಎತ್ತಬಲ್ಲದು, ಅದರ ಮೇಲೆ ಒಂದು ಲೋಟದ ಭಾರವನ್ನೂ ತಾಳದು. ಐದು ಸಹಜ. ಸ್ವಾಮಿಯವರ ಭುಜ ಎತ್ತುವ ಸ್ನಾಯು, ಮೊಣಕೈ ಮಡಿಸುವ ಸ್ನಾಯು ಎರಡೂ ಒಂದರಲ್ಲಿದ್ದವು. ಬೆರಳುಗಳು ಮಾತ್ರ ಚೆನ್ನಾಗಿದ್ದವು. ತೋಳು ಕೆಳಗೆ ಎಳೆಯುವ ಸ್ನಾಯುಗಳಲ್ಲೂ ಸಾಕಷ್ಟು ಬಲವಿತ್ತು. ಆ ಕೈಯಲ್ಲಿ ಪೆನ್ನು ಹಿಡಿಯಬಹುದಿತ್ತು, ಅದನ್ನು ಮೇಜಿನ ಮೇಲಕ್ಕೆ ತರಲು ಮಾತ್ರ ಬಲಗೈಯಿಂದ ಎತ್ತಿ ಇಡಬೇಕಿತ್ತು.

‘ಎಡಗೈ ಅಲ್ವಾ, ಸದ್ಯ’ ಎಂದು ಆಗ ನನ್ನ ಬಳಿ ತರಬೇತಿಯಲ್ಲಿದ್ದ ಸ್ಟೂಡೆಂಟ್ ಸಮಾಧಾನದ ಮಾತು ಹೇಳಿದಳು. ಸ್ವಾಮಿಯವರು ಅವಳ ಕಡೆ ತಿರುಗಲಿಲ್ಲ. ನನ್ನ ಜೊತೆ ಕನ್ನಡದಲ್ಲಿ ಹೇಳಿದರು:

“ಶೈಲಜಾ ಅವ್ರೇ, ಲ್ಯಾರಿಂಗೋಸ್ಕೋಪ್ ಯಾವ ಕೈಲಿ ಹಿಡೀತಾರೆ ಗೊತ್ತಾ? ಎಡಗೈಲಿ. ಎಡಚರಿರ್ಲಿ, ಬಲಚರಿರ್ಲಿ, ಪ್ರಪಂಚದಲ್ಲಿ ಎಲ್ಲರೂ ಎಡಗೈಲೇ. ದವಡೆ ಎತ್ತಿ ಹಿಡಿಯೋದು ಈ ಕೈ.”

ಗಂಟಲಿನ ಒಳಗನ್ನು ತೋರಿಸುವ ಆ ಉಪಕರಣ ಹಿಡಿಯಲಾಗದಿದ್ದರೆ ಅರಿವಳಿಕೆ ತಜ್ಞರು ಆಪರೇಷನ್ ಥಿಯೇಟರಿನಲ್ಲಿ ನಿಲ್ಲುವಂತಿಲ್ಲ. ಅವರ ಕಷ್ಟವೆಲ್ಲ ಅಲ್ಲಿತ್ತು. ಜೊತೆಗೆ, ಅವರು ಡಾಕ್ಟರ್. ಪೆಟ್ಟಾದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ ಎಂಬುದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಟೇಪು ಹಿಡಿದು ಕುತ್ತಿಗೆಯಿಂದ ತೋಳಿನವರೆಗೆ ತಾವೇ ಅಳೆದುಕೊಂಡಿದ್ದರು.

ಅವರಷ್ಟು ವಿಧೇಯ ರೋಗಿಯನ್ನು ನಾನು ನೋಡಿಲ್ಲ. ಹೇಳಿದ ವ್ಯಾಯಾಮ ಹೇಳಿದಂತೆ ಮಾಡಿದರು. ಕೈಗೆ ಆಸರೆಯಾಗಿ ನಾನು ಮಾಡಿಕೊಟ್ಟ ಸ್ಪ್ಲಿಂಟ್ ತಪ್ಪದೆ ಹಾಕಿಕೊಂಡರು. ಹೇಗಿದ್ದೀರಿ ಎಂದರೆ ಇಲ್ಲಿಯವರಂತೆ ‘ಗ್ರ್ಯಾಂಡ್’, ಅಂದರೆ ಚೆನ್ನಾಗಿದ್ದೇನೆ, ಎನ್ನುತ್ತಿದ್ದರು. ಆಸ್ಪತ್ರೆಯ ಆಡಳಿತ ಅವರಿಗೆ ಪ್ರೀ-ಆಪ್ ಕ್ಲಿನಿಕ್ಕಿನಲ್ಲಿ, ಅಂದರೆ ಆಪರೇಷನ್ನಿಗೆ ಮುಂಚೆ ರೋಗಿಗಳನ್ನು ತಪಾಸಿಸುವ ವಿಭಾಗದಲ್ಲಿ, ಕುಳಿತು ಮಾಡುವ ಕೆಲಸ ಕೊಡಲು ಸಿದ್ಧವಿತ್ತು. “ಆಮೇಲೆ ನೋಡೋಣ” ಎಂದರು. ನನಗಿಂತ ಮೊದಲು ಅವರ ಕೈ ಕ್ಷೀಣಿಸುವುದು ನಿಂತಿದ್ದನ್ನು ಕಂಡು ಹಿಡಿದವರು ಅವರೇ. ಅದನ್ನೂ ಯಾವುದೋ ಅಪರಿಚಿತ ರೋಗಿಯ ವಿಷಯದಂತೆ ಹೇಳಿದರು.

ಅಕ್ಟೋಬರ್‌ನಲ್ಲಿ ಮತ್ತೆ ಲಾಕ್‌ಡೌನ್ ಬಂತು. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ಕ್ರಿಸ್ಮಸ್ಸಿಗೆ ಸ್ವಲ್ಪ ಸಡಿಲಿಸಿದರು, ಜನವರಿಯಲ್ಲಿ ಈ ದೇಶ ಕಂಡ ಅತಿ ಕೆಟ್ಟ ಅಲೆ ಎದ್ದಿತು. ಕ್ಲಿನಿಕ್ ನಿಲ್ಲಿಸಿ ನಮ್ಮನ್ನೆಲ್ಲ ವಾರ್ಡುಗಳಿಗೆ ಹಂಚಿದರು. ಸ್ವಾಮಿಯವರ ಸಹೋದ್ಯೋಗಿಗಳು ರಜೆ ಇಲ್ಲದೆ ಟ್ಯೂಬ್ ಹಾಕುತ್ತಿದ್ದರು. ಸ್ವಾಮಿಯವರು ಮನೆಯಲ್ಲಿ ಕಿಟಕಿ ಪಕ್ಕ ಕೂತಿರುತ್ತಿದ್ದರು. ವಾರಕ್ಕೊಮ್ಮೆ ನಾನು ವಿಡಿಯೋ ಕಾಲ್ ಮಾಡುತ್ತಿದ್ದೆ. ಅವರ ಹಿಂದೆ, ಊಟದ ಮೇಜಿನ ತುದಿಯಲ್ಲಿ, ಪುಷ್ಪಾ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಯಾಂಡಿಫರ್ಡಿನ ತಮ್ಮ ಕಂಪನಿಯ ಮೀಟಿಂಗ್‌ನಲ್ಲಿರುತ್ತಿದ್ದರು.

“ವಾರ್ಡಲ್ಲಿ ಹೇಗಿದೆ?” ಎಂದು ಸ್ವಾಮಿಯವರು ಒಮ್ಮೆ ಕೇಳಿದರು.

“ಜನ ಸಾಲ್ತಾ ಇಲ್ಲ ಡಾಕ್ಟ್ರೇ.”

“ಹೂಂ. ಉಳಿಸಿದ್ದು ಯಾಕೆ ಅಂತ ಗೊತ್ತಾಗ್ತಿಲ್ಲ ನನಗೆ. ಆ ಬೆಡ್ಡು ಬೇರೆ ಯಾರಿಗಾದ್ರೂ ಆಗ್ತಿತ್ತು.”

ನಾನು ಮುಂದೆ ಕೇಳುವಷ್ಟರಲ್ಲಿ ಪುಷ್ಪಾ ಹೆಡ್‌ಫೋನ್ ತೆಗೆದು “ಏನಂದ್ರಿ?” ಎಂದರು. ಸ್ವಾಮಿಯವರು ಮಾತು ಬದಲಿಸಿದರು. ಅಂದೇ ಸಂಜೆ ನಾನು ಅವರ ಫ್ಯಾಮಿಲಿ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರು ಮಾತ್ರೆ ಆರಂಭಿಸಿ, ಮನೋವೈದ್ಯರ ಬಳಿ ಅಪಾಯಿಂಟ್‌ಮೆಂಟ್ ಕೇಳಿದರು. ಅಪಾಯಿಂಟ್‌ಮೆಂಟ್ ಬರುವ ಮೊದಲೇ ಈ ಘಟನೆ ನಡೆಯಿತು.

ಜನವರಿ ಕೊನೆಯ ಒಂದು ಶನಿವಾರ ಬೆಳಗ್ಗೆ ಪುಷ್ಪಾ ಫೋನ್ ಮಾಡಿದರು. ಧ್ವನಿ ಗುರುತೇ ಸಿಗಲಿಲ್ಲ.

“ಶೈಲಕ್ಕಾ, ಇವ್ರು ಮನೇಲಿಲ್ಲ. ಫೋನು ಇಲ್ಲೇ ಬಿಟ್ಟಿದಾರೆ. ಮಾತ್ರೆನೂ ಇಲ್ಲೇ ಇದೆ. ಗರಾಜಲ್ಲಿ ಮೀನು ಹಿಡಿಯೋ ರಾಡ್ ಒಂದು ಇಲ್ಲ ಅಕ್ಕಾ.”

“ಗಾರ್ಡಾಗೆ ಫೋನ್ ಮಾಡು,” ಎಂದೆ. ಇಲ್ಲಿ ಪೊಲೀಸರನ್ನು ಕರೆಯುವುದು ಹಾಗೆ. “ಕೆರೆ ಹತ್ರ ಹೋಗು. ನಾನೂ ಬರ್ತೀನಿ.”

ಅವರ ಮನೆಯಿಂದ ನಡೆದು ಹೋಗುವ ದೂರದಲ್ಲಿ ಒಂದು ಹಳೆಯ ಜಲಾಶಯವಿದೆ. ನಾವು ಸೇರಿದಾಗ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ದಂಡೆಯಲ್ಲಿ ರಾಡ್ ಬಿದ್ದಿತ್ತು. ಅವರು ನೀರಿನಲ್ಲಿದ್ದರು. ಸೊಂಟದವರೆಗೆ. ಬೆನ್ನು ನಮ್ಮ ಕಡೆಗೆ. ಪುಷ್ಪಾ ಬಾಯಿಂದ ಹೊರಟದ್ದು ಅವರ ಹೆಸರೋ, ದೇವರ ಹೆಸರೋ ನನಗೆ ನೆನಪಿಲ್ಲ.

“ಡಾಕ್ಟ್ರೇ, ಹೊರಗೆ ಬನ್ನಿ,” ಎಂದೆ.

ಅವರು ತಿರುಗಲಿಲ್ಲ. “ಲೂರ್ ಸಿಕ್ಕಾಕೊಂಡಿದೆ.”

ಲೂರ್ ಎಂದರೆ ಮೀನಿನ ಆಕಾರದ ಕೃತಕ ಎರೆ. ಪೈಕ್‌ಗೆ ಬಳಸುವುದು ಗೇಣುದ್ದದ ರಬ್ಬರ್ ಮೀನು. ಹೊಟ್ಟೆಯಡಿ, ಬಾಲದಡಿ ಮೂರು ಮುಳ್ಳಿನ ಗಾಳಗಳು. ನೀರಿನ ಮೇಲೆ ಬಾಗಿದ್ದ ಮರದ ಕೊಂಬೆಗೆ ಅದು ಸುತ್ತಿಕೊಂಡು ನೇತಾಡುತ್ತಿತ್ತು. ಅವರು ಬಲಗೈ ಚಾಚಿ ಚಾಚಿ ಅದನ್ನು ಹಿಡಿಯಲು ನೋಡುತ್ತಿದ್ದರು. ಎಡಗೈ ನೀರಿನಲ್ಲಿ ತೇಲುತ್ತಿತ್ತು.

“ಹೋಗ್ಲಿ ಬಿಡಿ. ದಾರ ಕತ್ತರಿಸೋಣ.”

“ಕತ್ತರಿಸಿದ್ರೆ ಗಾಳ ಮರದಲ್ಲೇ ಉಳಿಯುತ್ತೆ. ಹಕ್ಕಿ ಬಂದು ಸಿಕ್ಕಾಕೊಳ್ಳುತ್ತೆ. ಒದ್ದಾಡಿ ಸಾಯುತ್ತೆ. ತೆಗೀದೆ ಬರಲ್ಲ ನಾನು.”

ಪುಷ್ಪಾ ಶೂ ಕೂಡ ಬಿಚ್ಚದೆ ನೀರಿಗಿಳಿದರು. ನಾನು ಹಿಂದೆಯೇ ಇಳಿದೆ. ನೀರು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಪುಷ್ಪಾ ಕೊಂಬೆ ಬಗ್ಗಿಸಿ ಹಿಡಿದರು, ನಾನು ಗಾಳ ಬಿಡಿಸಿದೆ. ಗಾಳ ನನ್ನ ಹೆಬ್ಬೆರಳಿಗೆ ಚುಚ್ಚಿಕೊಂಡಿತು. ಲೂರ್ ಕೈಗೆ ಬಂದ ಮೇಲೆಯೇ ಅವರು ನಮ್ಮ ಜೊತೆ ದಂಡೆಗೆ ನಡೆದು ಬಂದರು.

ಕಾರಿನಲ್ಲಿ ಹೀಟರ್ ಹಾಕಿ, ಇದ್ದ ಕಂಬಳಿಯನ್ನೆಲ್ಲ ಹೊದಿಸಿ ಕೂರಿಸಿದೆವು. ಕಿಟಕಿ ಇಳಿಸಿಕೊಂಡು, ಮಾಸ್ಕ್ ಹಾಕಿಕೊಂಡು ನಾನು ಹೊರಗೆ ನಿಂತೆ. ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ನಮ್ಮ ತರಬೇತಿಯಲ್ಲಿ ಒಂದು ಮಾತು ಹೇಳಿಕೊಡುತ್ತಾರೆ: ಅನುಮಾನ ಬಂದರೆ ಬಳಸಿ ಕೇಳಬೇಡಿ, ನೇರವಾಗಿ ಕೇಳಿ, ಕೇಳಿದ್ದರಿಂದ ಯಾರ ತಲೆಗೂ ಆ ಯೋಚನೆ ಹೊಸದಾಗಿ ಬರುವುದಿಲ್ಲ. ಪಾಠದಲ್ಲಿ ಓದುವುದು ಸುಲಭ. ಪರಿಚಯದ ಮನುಷ್ಯನನ್ನು, ಅವರ ಹೆಂಡತಿಯ ಎದುರು, ಕನ್ನಡದಲ್ಲಿ ಕೇಳುವುದು ಬೇರೆ.

“ಡಾಕ್ಟ್ರೇ, ನೇರವಾಗಿ ಕೇಳ್ತೀನಿ. ಸಾಯಬೇಕು ಅಂತ ಬಂದ್ರಾ ಇಲ್ಲಿಗೆ?”

“ಅಕ್ಕಾ!” ಎಂದರು ಪುಷ್ಪಾ.

ಸ್ವಾಮಿಯವರು ನೀರಿನ ಕಡೆ ನೋಡುತ್ತಾ ಹೇಳಿದರು: “ಹೌದು. ಒಂದೇ ಒಂದ್ಸಲ ಎಸೆದು ನೋಡೋಣ, ಆಮೇಲೆ ಅಂತ ಬಂದೆ. ಆ ಒಂದು ಎಸೆತನೂ ಆಗ್ಲಿಲ್ಲ. ಸೀದಾ ಮರಕ್ಕೆ ಹೋಯ್ತು.”

“ಈಗ?”

ಬಲಗೈಯಿಂದ ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡರು. “ಈಗ ಚಳಿ ಆಗ್ತಿದೆ.”

ಪುಷ್ಪಾ ಅವರ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಉಜ್ಜುತ್ತಲೇ ಇದ್ದರು. ಅಷ್ಟರಲ್ಲಿ ಗಾರ್ಡಾ ಬಂದರು, ಆಂಬುಲೆನ್ಸ್ ಬಂತು. ಸ್ವಾಮಿಯವರು ಜಗಳವಾಡದೆ ಹತ್ತಿದರು.

ಆ ಬಾರಿ ಕೆಲವು ವಾರ ಮನೋವೈದ್ಯರ ಆರೈಕೆಯಲ್ಲಿ ಒಳರೋಗಿಯಾಗಿದ್ದರು. ಅವರನ್ನು ಬದುಕಿಸಿದ್ದು ಗಾಳವೂ ಅಲ್ಲ, ನಾನೂ ಅಲ್ಲ. ಆ ವೈದ್ಯರು, ಸರಿಯಾದ ಔಷಧ ಮತ್ತು ದಿನವೂ ಹಟ ಹಿಡಿದು ಫೋನ್ ಮಾಡುತ್ತಿದ್ದ ಹೆಂಡತಿ. ಇದನ್ನು ಇಲ್ಲೇ ಸ್ಪಷ್ಟಪಡಿಸುತ್ತೇನೆ. ಮುಂದಿನದನ್ನು ಓದಿ ಯಾರೂ ಖಿನ್ನತೆಗೆ ಮೀನು ಹಿಡಿಯುವುದೇ ಮದ್ದು ಎಂದುಕೊಳ್ಳಬಾರದು.

ಮಾರ್ಚ್‌ನಲ್ಲಿ ಅವರು ನನ್ನ ಕ್ಲಿನಿಕ್‌ಗೆ ಮರಳಿದರು. ತೋಳು ಸ್ವಲ್ಪ ಸುಧಾರಿಸಿತ್ತು. ಮೊಣಕೈ ಮಡಿಸುವ ಸ್ನಾಯು ಎರಡು ದಾಟಿ ಮೂರರ ಹತ್ತಿರ ಬಂದಿತ್ತು, ಭುಜ ಎರಡು. ಹೊಸ ಅವಧಿ ಆರಂಭಿಸುವಾಗ ಗುರಿ ಬರೆದುಕೊಳ್ಳುವುದು ನಮ್ಮ ಪದ್ಧತಿ. ಏನು ಬರೆಯಲಿ ಎಂದೆ. ‘ಕೆಲಸಕ್ಕೆ ಮರಳುವುದು’ ಎನ್ನುತ್ತಾರೆ ಅಂದುಕೊಂಡಿದ್ದೆ.

“ಲೂರ್ ಎಸೀಬೇಕು,” ಎಂದರು. “ಇನ್ನೂರು ಗ್ರಾಂದು. ಮರಕ್ಕಲ್ಲ, ನೀರಿಗೆ.”

ಪಕ್ಕದಲ್ಲಿದ್ದ ಪುಷ್ಪಾ ಮುಖ ಬಿಳುಚಿಕೊಂಡಿತು. ಮತ್ತೆ ಆ ಕೆರೆಯೇ? ನಾನು ಮನೋವೈದ್ಯರನ್ನು ಕೇಳದೆ ಒಪ್ಪಲಾರೆ ಎಂದೆ. ಕೇಳಿದೆ. ಒಬ್ಬರೇ ಹೋಗುವಂತಿಲ್ಲ, ರಾಡ್ ಇರಬೇಕಾದ್ದು ಆಸ್ಪತ್ರೆಯಲ್ಲಿ, ಮನೆಯಲ್ಲಲ್ಲ ಎಂಬ ಕರಾರಿನ ಮೇಲೆ ಅವರು ಒಪ್ಪಿದರು.

ಪುಷ್ಪಾ ಅಷ್ಟರಲ್ಲಿ ಆನ್‌ಲೈನಿನಲ್ಲಿ ಒಂದು ಹಗುರ ರಾಡ್ ತರಿಸಿದ್ದರು. ಬೆತ್ತದಂತೆ ತೆಳು, ಒಂದೇ ಕೈಯಲ್ಲಿ ಎಸೆಯುವಂಥದ್ದು. ಮುಂದಿನ ಸಲ ತಂದು ಮೇಜಿನ ಮೇಲಿಟ್ಟರು. ಸ್ವಾಮಿಯವರು ಅದರ ತುದಿಯನ್ನು ಬೆರಳಲ್ಲಿ ತಟ್ಟಿದರು.

“ಇದಕ್ಕೆ ಹದಿನೈದು ಗ್ರಾಂ ಕಟ್ಟಬಹುದು. ಇನ್ನೂರು ಕಟ್ಟಿದ್ರೆ ಎಸೆಯೋ ಮುಂಚೆನೇ ಮುರಿಯುತ್ತೆ.”

“ಚಿಕ್ಕ ಲೂರೇ ಹಾಕ್ರಿ. ಚಿಕ್ಕ ಮೀನೇ ಸಿಗ್ಲಿ. ಏನಾಗುತ್ತೆ?” ಎಂದರು ಪುಷ್ಪಾ.

“ಪುಷ್ಪಾ, ಎಲ್ಲರೂ ನನಗೆ ಚಿಕ್ಕದೇ ಕೊಡ್ತಿದೀರ. ಚಿಕ್ಕ ಕೆಲಸ, ಚಿಕ್ಕ ರಾಡು. ಬೇಡ ನನಗೆ.”

ಧ್ವನಿ ಏರಿತ್ತು. ಅಷ್ಟು ತಿಂಗಳಲ್ಲಿ ಅವರು ಸಿಟ್ಟು ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪುಷ್ಪಾ ಕಣ್ಣೊರೆಸಿಕೊಂಡರು. ನಾನು ನಡುವೆ ಬಾಯಿ ಹಾಕಿ, ಹಾಗಾದರೆ ಯಾವ ರಾಡ್ ಬೇಕು ಎಂದು ಕೇಳಿದೆ.

“ಮಸ್ಕಿ ರಾಡ್.”

“ಮಸ್ಕಿ? ಅಶೋಕನ ಶಾಸನ ಇರೋ ಊರಲ್ವಾ ಅದು?” ನಾನು ಸಿಂಧನೂರಿನವಳು. ಮಸ್ಕಿ ನಮಗೆ ಪಕ್ಕದೂರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದೆ.

ಸ್ವಾಮಿಯವರು ನಕ್ಕರು. ಮಾಸ್ಕಿನ ಮೇಲೆ ಕಣ್ಣು ಕಿರಿದಾದವು. ಪುಷ್ಪಾ ಅಳುವುದನ್ನು ಬಿಟ್ಟು ಅವರನ್ನೇ ನೋಡಿದರು.

ಮಸ್ಕಿ ಎಂಬುದು ಅಮೆರಿಕ, ಕೆನಡಾದ ಕೆರೆಗಳ ಮೀನು. ಪೈಕ್‌ನ ದೊಡ್ಡಪ್ಪನ ಮಗ ಎನ್ನಬಹುದು. ಐರ್ಲೆಂಡಿನಲ್ಲಿ ಇಲ್ಲ. ಆದರೆ ಅದಕ್ಕೆಂದು ಮಾಡಿದ ಭಾರಿ ರಾಡ್‌ಗಳನ್ನು ಇಲ್ಲಿಯ ಪೈಕ್ ಗೀಳಿನವರು ತರಿಸಿಕೊಳ್ಳುತ್ತಾರೆ. ಸ್ವಾಮಿಯವರು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ರಾಡಿನ ಮೇಲೆ ಅದು ತಾಳುವ ಲೂರ್‌ನ ತೂಕ ಬರೆದಿರುತ್ತದೆ. ಅದಕ್ಕಿಂತ ಭಾರದ್ದು ಕಟ್ಟಿದರೆ ಮುರಿಯುತ್ತದೆ, ತೀರ ಹಗುರವಾದದ್ದು ಕಟ್ಟಿದರೆ ರಾಡ್ ಬಾಗುವುದಿಲ್ಲ, ಬಾಗದಿದ್ದರೆ ಚಿಮ್ಮುವುದಿಲ್ಲ. ಅವರ ಹಳೆಯ ರಾಡ್ ಏಳು ಅಡಿಯದು, ಬಿರುಸು. ಅಂಥದ್ದನ್ನು ಮಣಿಕಟ್ಟು ಮತ್ತು ಭುಜದ ಜೋರಿನಿಂದ ಝಾಡಿಸಬೇಕು. ಎಂಟು, ಎಂಟೂವರೆ ಅಡಿಯ, ಸ್ವಲ್ಪ ನಿಧಾನವಾಗಿ ಬಾಗುವ ರಾಡ್ ಆದರೆ ಲೂರ್‌ನ ಭಾರಕ್ಕೇ ಬಾಗಿ ತಾನೇ ಎಸೆಯುತ್ತದೆ. ದಾರ ಸುತ್ತುವ ರೀಲ್‌ನ ಹಿಂದಿರುವ ಹಿಡಿ ಉದ್ದವಿರಬೇಕು.

“ಹಿಂದಿನ ಹಿಡಿ ಯಾಕೆ ಉದ್ದ?” ಎಂದೆ.

“ಎರಡೂ ಕೈ ಬೇಕಲ್ಲ ಮೇಡಂ. ಬಲಗೈ ಮುಂದಕ್ಕೆ ತಳ್ಳುತ್ತೆ, ಎಡಗೈ ಹಿಡಿಯ ತುದೀನ ಹೊಟ್ಟೆ ಕಡೆ ಎಳ್ಕೊಳ್ಳುತ್ತೆ.”

ಎಳೆದುಕೊಳ್ಳುತ್ತದೆ! ನಾನು ಅವರ ಚಾರ್ಟ್ ತೆಗೆದೆ. ಎತ್ತುವ ಸ್ನಾಯುಗಳ ಬಲ ಎರಡು, ಮೂರು. ಕೆಳಗೆ, ಮೈಕಡೆಗೆ ಎಳೆಯುವ ಸ್ನಾಯುಗಳು ನಾಲ್ಕಕ್ಕಿಂತ ಮೇಲೆ. ಹಗುರ ರಾಡ್ ಕೊಟ್ಟರೆ ಬಲಗೈ ಒಂದೇ ಸಾಕು, ಎಡಗೈ ಜೋತಾಡಿಕೊಂಡಿರುತ್ತದೆ. ಭಾರದ ರಾಡ್ ಕೊಟ್ಟರೆ ಎಡಗೈ ಕೆಲಸ ಮಾಡಲೇಬೇಕು, ಅದೂ ಅದಕ್ಕೆ ಸಾಧ್ಯವಿರುವ ಕೆಲಸ. ಬಲಹೀನನಿಗೆ ಹಗುರವಾದದ್ದು ಎಂಬ ಸರಳ ಲೆಕ್ಕ ಇಲ್ಲಿ ತಪ್ಪಾಗುತ್ತಿತ್ತು.

ಅಂಗಡಿಗಳು ಮುಚ್ಚಿದ್ದವು. ರಾಡನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವಂತಿಲ್ಲ. ಹಾಗಾಗಿ ನಾನು ಕಸಬರಿಗೆಯ ಕೋಲಿನಿಂದ ಆರಂಭಿಸಿದೆ. ರೀಲ್ ಇರಬೇಕಾದ ಜಾಗಕ್ಕೆ ಮರಳಿನ ಪುಟ್ಟ ಚೀಲ ಕಟ್ಟಿ, ಎಡಗೈ ಹಿಡಿಯುವ ಜಾಗವನ್ನು ಬಣ್ಣದ ಟೇಪಿನಿಂದ ಗುರುತು ಮಾಡಿ, ತೀರ ಹಿಂದೆ ಹಿಡಿದರೆ ಏನಾಗುತ್ತದೆ, ಮುಂದೆ ಹಿಡಿದರೆ ಏನಾಗುತ್ತದೆ ಎಂದು ನೋಡಿದೆ. ಎಡ ಮೊಣಕೈ ಎದೆಯ ಮಟ್ಟ ದಾಟಿ ಮೇಲೇರಿದರೆ ಕೈ ಜಾರಿ ಬೀಳುತ್ತಿತ್ತು. ಎದೆಗಿಂತ ಕೆಳಗೇ ಇದ್ದರೆ ಹಿಡಿತ ಉಳಿಯುತ್ತಿತ್ತು. ಹಾಗಾಗಿ ತಲೆಯ ಮೇಲಿಂದ ಎಸೆಯುವುದು ಬೇಡ, ಪಕ್ಕದಿಂದ ಬೀಸುವುದು ಸಾಕು ಎಂದು ತೀರ್ಮಾನಿಸಿದೆವು. ಎಸೆದ ಮೇಲೆ ರಾಡನ್ನು ಬಲಗೈಯಲ್ಲೇ ಹಿಡಿದುಕೊಂಡು, ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿ, ಎಡಗೈಯಿಂದ ಹಿಡಿಕೆ ತಿರುಗಿಸುವ ರೀಲ್ ಇರಲಿ ಎಂದು ಅವರೇ ಹೇಳಿದರು.

ಕ್ಲಾಂಡಾಲ್ಕಿನ್‌ನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗಾಳದ ಸಾಮಾನಿನ ಗೋಡೌನ್ ಇಟ್ಟಿದ್ದ ಒಬ್ಬರು ಸ್ವಾಮಿಯವರ ಹಳೆಯ ಪರಿಚಯ. ಫೋನಿನಲ್ಲಿ ಪರಿಸ್ಥಿತಿ ಕೇಳಿ, ಬೇಡವಾದದ್ದನ್ನು ಹಿಂದೆ ಕಳಿಸಿ ಎಂದು ಎರಡು ರಾಡ್ ಕೊರಿಯರ್ ಮಾಡಿದರು. ಮೊದಲನೆಯದು ಒಂಬತ್ತೂವರೆ ಅಡಿ, ಅರ್ಧ ಕಿಲೋದ ಲೂರನ್ನೂ ಎಸೆಯಬಲ್ಲ ದೈತ್ಯ. ಸ್ವಾಮಿಯವರ ಕಣ್ಣು ಅದರ ಮೇಲೇ ಇತ್ತು.

ಆಸ್ಪತ್ರೆಯ ಹಿಂದಿನ ಹುಲ್ಲಿನ ಮೇಲೆ ನಿಂತು, ಗಾಳದ ಬದಲು ಸೀಸದ ಗುಂಡನ್ನು ಕಾಲುಚೀಲದಲ್ಲಿ ಕಟ್ಟಿ ದಾರಕ್ಕೆ ಸಿಕ್ಕಿಸಿದೆವು. ಎರಡು ಬೀಸು ಬೀಸಿದರು. ರಾಡಿನ ತುದಿ ಭಾರಕ್ಕೆ ಕೆಳಗೆ ಎಳೆಯುತ್ತಿತ್ತು. ಮೂರನೆಯದಕ್ಕೆ ಎಡ ಭುಜ ಕೀಲಿನಿಂದ ಸ್ವಲ್ಪ ಸರಿದು ಅವರು ಕೂಗಿಕೊಂಡರು. ರಾಡನ್ನು ನೆಲಕ್ಕೆ ಬಡಿದು, ಹುಲ್ಲಿನ ಮೇಲೆ ಕುಸಿದು ಕೂತರು.

“ಸಾಕು. ನಾಟಕ ಸಾಕು. ಕೈ ಸತ್ತಿದೆ. ಸತ್ತಿದ್ದನ್ನ ಹೊತ್ಕೊಂಡು ತಿರುಗ್ತಿದೀನಿ.”

ಭುಜ ಸರಿಮಾಡಿ, ಪಟ್ಟಿ ಕಟ್ಟಿ, ಆ ದಿನ ಅವರನ್ನು ಒಬ್ಬರನ್ನೇ ಬಿಡಬಾರದೆಂದು ಪುಷ್ಪಾಗೆ ಹೇಳಿ ಕಳಿಸಿದೆ. ಹಿಂದಿರುಗಿ ಬಂದು ಹುಲ್ಲಿನ ಮೇಲಿದ್ದ ರಾಡ್ ಎತ್ತಿ ಒಳಗಿಟ್ಟೆ. ಈ ಮನುಷ್ಯನಿಗೆ ಆಸೆ ತೋರಿಸಿ ಇನ್ನೂ ಆಳಕ್ಕೆ ನೂಕಿದೆನೇ ಎಂಬ ಭಯ. ಆ ವಾರ ಪೂರ್ತಿ ಅವರು ಬರಲಿಲ್ಲ. ನಾನು ಮಾಡಿದ ಫೋನಿಗೆಲ್ಲ ಪುಷ್ಪಾ ಒಂದೇ ಉತ್ತರ ಹೇಳಿದರು: “ಗೋಡೆ ಕಡೆ ತಿರುಗಿ ಮಲಗಿದಾರೆ ಅಕ್ಕಾ. ಮಗಳು ಮಾತಾಡ್ಸಿದ್ರೂ ಮಾತಾಡ್ತಿಲ್ಲ.”

ಕೊನೆಗೆ ಅವರನ್ನು ಎಬ್ಬಿಸಿದ್ದು ಆ ಮಗಳೇ. ಹದಿನಾಲ್ಕು ವರ್ಷದ ಇಂಚರ ಇಲ್ಲಿಯೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಈ ಭಾಗದ ವಾಟರ್‌ಫರ್ಡ್ ಧಾಟಿಯ ಇಂಗ್ಲಿಷಿನಲ್ಲಿ. ಅಪ್ಪನ ಹಾಸಿಗೆ ಪಕ್ಕ ನಿಂತು ಅವಳು ಅಂದು ಮಾತ್ರ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳಂತೆ: “ಅಪ್ಪಾ, ಕೈ ಬೇಡ. ಮೀನೂ ಬೇಡ. ನೀನು ಬೇಕು. ಏಳು.”

ಅವರು ಎದ್ದರು. ನಾಲ್ಕು ದಿನ ಬಿಟ್ಟು ಕ್ಲಿನಿಕ್ಕಿಗೂ ಬಂದರು.

ಎರಡನೆಯ ರಾಡ್ ಎಂಟೂವರೆ ಅಡಿಯದು. ಎಂಬತ್ತರಿಂದ ಇನ್ನೂರ ಎಂಬತ್ತು ಗ್ರಾಂ ಲೂರ್‌ಗೆ ಹೊಂದುವುದು, ನಿಧಾನವಾಗಿ ಬಾಗುವುದು. ಹಿಡಿಯ ಬುಡಕ್ಕೆ ಸ್ವಲ್ಪ ತೂಕ ಸೇರಿಸಿ, ರೀಲ್ ಇರುವಲ್ಲಿಯೇ ಸಮತೂಕ ಬರುವಂತೆ ಮಾಡಿದೆವು. ಈ ಬಾರಿ ನಾನು ಅವರಿಗೆ ಆತುರ ಪಡಲು ಬಿಡಲಿಲ್ಲ. ನೂರು ಗ್ರಾಂನಿಂದ ಶುರು. ಮೊದಲ ದಿನ ಚೀಲ ಕಾಲ ಬುಡದಲ್ಲೇ ಬಿತ್ತು. ಇನ್ನೊಂದು ದಿನ ಆಸ್ಪತ್ರೆಯ ಸೈಕಲ್ ಶೆಡ್ಡಿನ ಮೇಲೆ ಬಿತ್ತು. ಏಪ್ರಿಲ್ ಕೊನೆಗೆ ಹುಲ್ಲಿನ ಆ ತುದಿ ಮುಟ್ಟಿತು. ನೋವು ಬಂದ ದಿನಗಳೂ ಇದ್ದವು, ಬಂದು ಒಂದೂ ಬೀಸದೆ ಬೆಂಚಿನ ಮೇಲೆ ಕೂತು ಹೋದ ದಿನಗಳೂ ಇದ್ದವು.

ಮೇ ತಿಂಗಳಲ್ಲಿ, ಲಾಕ್‌ಡೌನ್ ಸಡಿಲವಾದ ಮೇಲೆ, ನಾವು ಮತ್ತೆ ಆ ಜಲಾಶಯಕ್ಕೆ ಹೋದೆವು. ಸ್ವಾಮಿಯವರ ಜೊತೆ ಪುಷ್ಪಾ, ಇಂಚರ, ನಾನು. ದಂಡೆ ಹತ್ತಿರವಾದಂತೆ ಪುಷ್ಪಾ ನನ್ನ ಮುಂಗೈ ಹಿಡಿದದ್ದನ್ನು ಬಿಡಲೇ ಇಲ್ಲ. ಸ್ವಾಮಿಯವರು ಇನ್ನೂರು ಗ್ರಾಂನ ಲೂರ್ ಕಟ್ಟಿ, ಪಕ್ಕಕ್ಕೆ ವಾಲಿ ಬೀಸಿದರು. ಅದು ನೀರಿನ ಮೇಲೆ, ನಾನು ನಿರೀಕ್ಷಿಸಿದ್ದಕ್ಕಿಂತ ಬಹಳ ದೂರದಲ್ಲಿ ಬಿತ್ತು. ಅವರು ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ರೀಲ್ ಸುತ್ತತೊಡಗಿದರು. ಹತ್ತಾರು ಎಸೆತದ ನಂತರ ಲೂರ್ ಹಿಂದೆಯೇ ಒಂದು ಉದ್ದನೆಯ ಹಸಿರು ನೆರಳು ದಂಡೆಯವರೆಗೂ ಬಂತು. ನಿಂತು ನೋಡಿತು. ಹಾಗೆಯೇ ತಿರುಗಿ ಮರೆಯಾಯಿತು.

“ಬಂತು! ನೋಡಿದ್ರಾ?” ಎಂದು ಕೂಗಿದರು. ಆ ದಿನ ಮೀನು ಸಿಗಲಿಲ್ಲ. ಕೈ ಬಿದ್ದುಹೋಗುವವರೆಗೂ ಎಸೆದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆ ಶರತ್ಕಾಲದಲ್ಲಿ ಅವರ ಕೆಲಸದ ಪರೀಕ್ಷೆ ನಡೆಯಿತು. ತರಬೇತಿಗೆ ಬಳಸುವ ಗೊಂಬೆಯ ಬಾಯಿಗೆ ಲ್ಯಾರಿಂಗೋಸ್ಕೋಪ್ ಇಟ್ಟು ಎತ್ತಬೇಕು. ಎಡಗೈ ಆಗ ನಾಲ್ಕರ ಹತ್ತಿರವಿತ್ತು. ಎತ್ತಿದರು. ಟ್ಯೂಬ್ ಕೂಡ ಹೋಯಿತು. ಆದರೆ ಸ್ವಲ್ಪ ತಡವಾದರೆ ಕೈ ನಡುಗತೊಡಗುತ್ತಿತ್ತು. ಪರೀಕ್ಷಕರು ಇನ್ನಷ್ಟು ಸಮಯ ಕೊಡೋಣ ಎಂದರು. ಸ್ವಾಮಿಯವರು ಉಪಕರಣವನ್ನು ಟ್ರೇಯಲ್ಲಿಟ್ಟು, ನೇರವಾಗಿ ನನ್ನ ಕೋಣೆಗೆ ಬಂದರು.

“ಆ ಟೇಬಲ್ ಮೇಲೆ ಇಂಚರ ಮಲಗಿದ್ರೆ ಈ ಕೈಗೆ ಕೊಡ್ತಿದ್ನಾ ಅಂತ ಕೇಳ್ಕೊಂಡೆ ಮೇಡಂ. ಕೊಡ್ತಿರ್ಲಿಲ್ಲ. ಥಿಯೇಟರ್ ಬಿಟ್ಟೆ. ಪ್ರೀ-ಆಪ್ ಕ್ಲಿನಿಕ್ ಒಪ್ಕೊಂಡು ಬಂದೆ.”

ಕುರ್ಚಿಯಲ್ಲಿ ಕೂತು ಅತ್ತರು. ನಾನು ಅವರನ್ನು ತಡೆಯಲಿಲ್ಲ, ಒಳ್ಳೆಯದಾಯಿತು ಎಂದೂ ಹೇಳಲಿಲ್ಲ. ಒಳ್ಳೆಯದಾಗಿರಲಿಲ್ಲ. ಇಪ್ಪತ್ತು ವರ್ಷ ಕಲಿತ ಕೆಲಸ ಆ ಮಧ್ಯಾಹ್ನ ಹೋಗಿತ್ತು. ಅಳು ನಿಂತ ಮೇಲೆ, ಕೆರೆಯ ದಂಡೆಯಲ್ಲಿ ಕೇಳಿದ್ದನ್ನೇ ಕೇಳಿದೆ.

“ಡಾಕ್ಟ್ರೇ, ಸಾಯೋ ಯೋಚನೆ ಬರ್ತಿದೆಯಾ?”

ಅವರು ಯೋಚಿಸಿ ಉತ್ತರ ಕೊಟ್ಟರು: “ಇವತ್ತು ಇಲ್ಲ. ನಾಳೆ ಕೇಳಿ.”

ಪುನರ್ವಸತಿ ಎಂದರೆ ಕಳೆದುಹೋದದ್ದನ್ನು ಮರಳಿ ಕೊಡುವುದು ಎಂದು ನಾನು ಬಹಳ ವರ್ಷ ನಂಬಿದ್ದೆ. ಎಷ್ಟೋ ಸಲ ಅದು ನಮ್ಮ ಕೈಲಿಲ್ಲ. ಕಳೆದುಕೊಂಡವರು ಅದಕ್ಕಾಗಿ ದುಃಖಿಸಿ ಮುಗಿಸುವವರೆಗೆ ಅವರ ಪಕ್ಕದಲ್ಲಿರುವುದು, ಉಳಿದಿರುವ ಬಲಕ್ಕೆ ನಿಜವಾದ ಕೆಲಸ ಕೊಡುವುದು, ಕೇಳಲು ಹೆದರಿಕೆಯಾಗುವ ಪ್ರಶ್ನೆಯನ್ನು ಕೇಳುವುದು, ಇಷ್ಟು ಮಾತ್ರ ನಮ್ಮದು. ಆ ಪ್ರಶ್ನೆಯನ್ನು ಒಮ್ಮೆ ಕೇಳಿ ಕೈತೊಳೆದುಕೊಳ್ಳುವಂತಿಲ್ಲ ಎಂಬುದನ್ನು ಸ್ವಾಮಿಯವರೇ ನನಗೆ ಕಲಿಸಿದರು.

ಮಾರನೆಯ ದಿನ ಫೋನ್ ಮಾಡಿ ಕೇಳಿದೆ. ಅದರ ಮಾರನೆಯ ದಿನವೂ ಕೇಳಿದೆ.